ಚಾಚಾ ಮಾಡದ ಕೂಸು

ಕೂಸು ನನ್ನ ಕೈಯಿಂದಲೇ ಬಿದ್ದಿತು. ಇದರಲ್ಲಿ ಅನುಮಾನವಿಲ್ಲ, ಅದೇ ಸಂಜೆ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಎಷ್ಟೋ ಸಂಗತಿಗಳು ಡೈರಿಯಲ್ಲಿ ಒಂದು ಥರ ಇರುತ್ತವೆ, ನೆನಪಿನಲ್ಲಿ ಇನ್ನೊಂದು ಥರ. ನೆನಪಿನಲ್ಲಿರುವುದು ಯಾವಾಗಲೂ ಹೆಚ್ಚು ಚೆಂದ. ಅದಕ್ಕೇ ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ.

ಹುಕ್ಕೇರಿಯಲ್ಲಿ ನಮ್ಮ ತಾಯಿಯ ಮನೆಗೆ ಗೋಡೆ ಹಚ್ಚಿ ಒಬ್ಬ ನಿವೃತ್ತ ನರ್ಸ್ ಇದ್ದಾರೆ. ಓಣಿಗೆಲ್ಲ ಅವರು ನರ್ಸಬಾಯಿ, ನನಗೆ ಮಾವಶಿ, ಚಿಕ್ಕಮ್ಮನ ಹಾಗೆ. ಮೂವತ್ತು ವರ್ಷದ ನೌಕರಿಯಲ್ಲಿ ಬಹುಪಾಲನ್ನು ಗೋಕಾಕದ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲೇ ಕಳೆದವರು. ಅವರು ಕ್ರೈಸ್ತರು, ನಾವು ಲಿಂಗಾಯತರು. ಪ್ರತಿ ಡಿಸೆಂಬರಿನಲ್ಲಿ ಅವರ ಪಡಸಾಲೆಯ ಮೂಲೆಯಲ್ಲಿ ಗೋದಲಿ ಏಳುತ್ತದೆ. ದನಗಳ ಮುಂದೆ ಮೇವು ಹಾಕುವ ಗೋದಲಿಯಲ್ಲಿ ಹುಟ್ಟಿದ ಯೇಸುವನ್ನು ಮಲಗಿಸಿದ ದೃಶ್ಯ. ಮದುವೆಯಾದ ಹೊಸದರಲ್ಲಿ ಅವರ ಗಂಡ ಬೆಳಗಾವಿಯಿಂದ ತಂದಿದ್ದ ಪ್ಲಾಸ್ಟರಿನ ಗೊಂಬೆಗಳು: ಮರಿಯಮ್ಮ, ಜೋಸೆಫ, ಮೂವರು ಕುರಿ ಕಾಯುವವರು, ನಾಲ್ಕು ಕುರಿ, ಒಂದು ಆಕಳು, ನಡುವೆ ಗೇಣುದ್ದದ ಕೂಸು. ಕುರಿ ಕಾಯುವವರ ಮೈಮೇಲೆ ಮಾವಶಿ ಖರೇ ಕಂಬಳಿಯ ತುಂಡು ಹೊಲಿದು ಹೊದಿಸಿದ್ದರು. ಗಂಡ ತೀರಿಕೊಂಡ ವರ್ಷವೂ ಗೋದಲಿ ತಪ್ಪಿರಲಿಲ್ಲ.

ಕಳೆದ ಜನವರಿಯಲ್ಲಿ ಗೊಂಬೆಗಳನ್ನೆಲ್ಲ ಹಳೆಯ ಪೇಪರಿನಲ್ಲಿ ಸುತ್ತಿ ಟ್ರಂಕಿಗೆ ಹಾಕುವಾಗ ನಾನೂ ಕೈಜೋಡಿಸಿದೆ. ಕೂಸು ಜಾರಿತು. ತಲೆ ಒಂದು ಕಡೆ, ಮೈ ಒಂದು ಕಡೆ, ಗದ್ದ ಪುಡಿ ಪುಡಿ.

"ಇರಲಿ ಬಿಡವಾ, ಅದಕ್ಕೂ ವಯಸ್ಸಾಗಿತ್ತು," ಎಂದು ಮಾವಶಿ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಮುಂದೆ ಹತ್ತು ತಿಂಗಳು ಆ ವಿಷಯ ಎತ್ತಲಿಲ್ಲ. ನವೆಂಬರಿನಲ್ಲಿ ಒಂದು ಭಾನುವಾರ, ಬೆಳಗಾವಿಯ ಅಂಗಡಿಯಿಂದ ಹೊಸ ಕೂಸು ತಂದುಕೊಡುತ್ತೇನೆ ಎಂದು ನಾನೇ ಬಾಯಿ ಬಿಟ್ಟೆ.

"ಅಂಗಡ್ಯಾಗಿಂದು ಬ್ಯಾಡ," ಎಂದರು ಮಾವಶಿ. "ಗೋಕಾಕದಾಗ ನಿಮ್ಮ ಖೋಲಿ ಹಂತೇಕ ಕಟ್ಟಿಗಿ ಹಣ್ಣು ಮಾಡೂ ಚಾಚಾ ಅದಾನಲ್ಲ, ಅಂವನ ಕಡೆ ಮಾಡಸ್ಕೊಂಡ ಬಾ. ಅಂವಾ ನನಗ ಒಂದು ಮಾತು ಕೊಟ್ಟಾನ."

ಮಾತಿನ ಕತೆ ನನಗೆ ಗೊತ್ತಾದದ್ದು ಆಗ. ಇಪ್ಪತ್ತೈದು ವರ್ಷದ ಹಿಂದೆ ಚಾಚಾನ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಕೂಸು ಕಾಲು ಮುಂದಾಗಿ ಬಂದಿತ್ತು. ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಮಾವಶಿ ಒಬ್ಬರೇ ನಿಂತು ತಾಯಿ ಮಗಳಿಬ್ಬರನ್ನೂ ಉಳಿಸಿದರು. ಮೂರನೆಯ ದಿನ ಚಾಚಾ ಬುಟ್ಟಿ ತುಂಬ ಕಟ್ಟಿಗೆಯ ಹಣ್ಣು ತಂದು ಅವರ ಮುಂದಿಟ್ಟು, ಎರಡೂ ಕೈ ಚಾಚಿ ಹೇಳಿದರಂತೆ: "ಬಾಯಾರ, ಈ ಕೈಲೆ ಏನ ಆಗತೈತಿ ಅದನ್ನ ಯಾವಾಗಾದ್ರೂ ಕೇಳ್ರಿ. ಇಲ್ಲ ಅನ್ನೂದಿಲ್ಲ." ಮಾವಶಿ ಅಲ್ಲಿಯತನಕ ಏನೂ ಕೇಳಿರಲಿಲ್ಲ.

ನಾನು ಮೂಡಲಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ವಾರವೆಲ್ಲ ಗೋಕಾಕದ ಬಾಡಿಗೆ ಖೋಲಿಯಲ್ಲಿರುತ್ತೇನೆ. ಬೆಳಿಗ್ಗೆ ಕಲ್ಲೋಳಿ ಮೇಲಿಂದ ಹೋಗುವ ಬಸ್ಸು, ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ಸು. ಚಾಚಾನ ಅಂಗಡಿ ನನ್ನ ಓಣಿಯ ತುದಿಗೇ ಇದೆ. ಹಗುರ ಕಟ್ಟಿಗೆಯನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಸುಣ್ಣದ ಮೇಲೆ ಬಣ್ಣ ಕೂರಿಸಿ ಅವರು ಮಾಡುವ ಮಾವು, ಪ್ಯಾರಲ ಎಂಬ ಸೀಬೆ, ಬದನೆಗಳು ತಟ್ಟೆಯಲ್ಲಿಟ್ಟರೆ ನೊಣ ಬಂದು ಕೂರುವಷ್ಟು ಖರೇ ಅನ್ನಿಸುತ್ತವೆ. ನನ್ನ ಖೋಲಿಯಲ್ಲೇ ಆರೇಳು ಇವೆ. ಐದು ವರ್ಷ ಆ ಅಂಗಡಿ ಮುಂದೆ ನಿಂತು ಮಾತಾಡಿದ್ದೇನೆ. ಆ ಹಲಗೆಗಳ ಮೇಲೆ ಹಣ್ಣು, ಕಾಯಿಪಲ್ಯ ಬಿಟ್ಟು ಬೇರೇನೂ ಇಲ್ಲ, ಒಂದು ಗಿಳಿ ಕೂಡ ಇಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಬಿದ್ದಿತ್ತು ಅನ್ನಬೇಕು, ಯಾಕೆಂದು ಕೇಳಿರಲಿಲ್ಲ.

ಈಗಲೂ ಅದನ್ನು ಕೇಳದೆ, ಹೋಗಿ ವಿಷಯ ಹೇಳಿದೆ. ಚಾಚಾ ಪ್ಯಾರಲ ಹಣ್ಣಿನ ತೊಟ್ಟಿಗೆ ಹಸಿರು ಬಳಿಯುತ್ತಿದ್ದರು. ಕುಂಚ ನಿಂತಿತು.

"ಬಾಯಾರು ಖುದ್ದ ಹೇಳ್ಯಾರೇನ್ರಿ?"

"ಹೌದು ಚಾಚಾ. ಹಬ್ಬಕ್ಕ ಬೇಕಂತ. ನಿಮ್ಮ ಕೈಲೆ ಆಗಬೇಕಂತ."

ಅವರು ಸುಮ್ಮನಾದರು. ಆ ಮೌನ ನನಗೆ ಸರಿಹೋಗದೆ ನಾನೇ ತುಂಬಿದೆ. "ದೊಡ್ಡ ಕೆಲಸಾ ಏನಲ್ಲ ಬಿಡ್ರಿ, ಬರೇ ಒಂದ ಗೊಂಬಿ. ನೀವೂ ಯೇಸುನ್ನ ಮಾನಸ್ತೀರಲ್ಲ."

"ಮಾನಸ್ತೇವ್ರಿ," ಎಂದರು ಚಾಚಾ. ಆಮೇಲೆ ಚಹಾ ತರಿಸಿದರು. ಚಹಾ ಕುಡಿದು ಎದ್ದೆ. ಅದನ್ನು ಒಪ್ಪಿಗೆ ಎಂದು ತಿಳಿದು ಮುಂದಿನ ಭಾನುವಾರ ಹುಕ್ಕೇರಿಗೆ ಹೋಗಿ "ಚಾಚಾ ಮಾಡಾಕತ್ತಾರ" ಎಂದೇ ಹೇಳಿಬಿಟ್ಟೆ. ನಾನು ಸುಳ್ಳು ಹೇಳಿದೆ ಎಂದು ಆಗ ಅನ್ನಿಸಿರಲಿಲ್ಲ. ಈಗ ಡೈರಿ ತೆಗೆದು ನೋಡಿದರೆ ಅಲ್ಲಿ "ಚಾಚಾ ಒಪ್ಪಿದರು" ಎಂದಿದೆ. ಅವರು ಒಪ್ಪಿದ ಮಾತೊಂದೂ ಇಲ್ಲ. ನಂಬಿಕೆಗೆ ಅರ್ಹವೆಂದು ನಾನು ಇಟ್ಟುಕೊಂಡಿರುವ ಡೈರಿಯೂ ನನ್ನ ಕೈಯಿಂದಲೇ ಬರೆದದ್ದು ತಾನೆ.

ಹತ್ತು ದಿನದ ನಂತರ ಅಂಗಡಿಗೆ ಹೋದಾಗ ಚಾಚಾ ಮೇಜಿನ ಮೇಲೆ ಒಂದು ಪುಟ್ಟ ಗೋದಲಿ ಇಟ್ಟರು. ಕಟ್ಟಿಗೆಯದು, ಅಂಚಿಗೆ ದನಗಳು ಗದ್ದ ತಿಕ್ಕಿ ತಿಕ್ಕಿ ಸವೆದಂತೆ ಒಂದು ತಗ್ಗು ಕೂಡ ಮಾಡಿದ್ದರು. ಅಷ್ಟು ಚೆಂದದ ಕೆಲಸವನ್ನು ಅವರ ಕೈಯಲ್ಲಿ ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಒಂದು ಬುಟ್ಟಿ ಹಣ್ಣು.

"ಕೂಸು?" ಎಂದೆ.

"ಅದೊಂದು ಆಗೂದಿಲ್ರಿ ಮೇಡಮ್ಮಾರ. ನೀವು ಬಾಯಾರಿಗೆ ತಿಳಿಸಿ ಹೇಳ್ರಿ."

"ಯಾಕ್ರಿ?"

"ಜೀವ ಇದ್ದದ್ದರ ರೂಪಾ ನಾ ಮಾಡಾಂಗಿಲ್ಲ. ನನಗ ಈ ಕೆಲಸಾ ಕಲಿಸಿದ ಉಸ್ತಾದರು ಹಿಂದೂ, ದೇವರ ಗೊಂಬಿ ಮಾಡೂ ಮನಿತನದವರು. ಅವರಿಗೂ ಮೊದಲ ದಿನಾನ ಇದನ್ನ ಹೇಳೇನಿ. ಅವರು ನಕ್ಕೊಂಡ, 'ಹಂಗಾರ ಹಣ್ಣು ಮಾಡಪಾ, ಹಣ್ಣಿಗೆ ಯಾವ ಜಾತಿ' ಅಂದ್ರು. ಅವತ್ತಿಂದ ಹಣ್ಣ. ನನ್ನ ಮಗಳು ಸಣ್ಣಾಕಿ ಇದ್ದಾಗ ಗಿಳಿ ಬೇಕಂತ ಅತ್ತಿದ್ಲು. ಆಕಿಗೂ ಮಾಡಿಕೊಡಲಿಲ್ಲ. ಇನ್ನ ಈಸಾ ಅಂದ್ರ ನಮ್ಮ ನಬಿ, ಪ್ರವಾದಿ. ಅವರ ರೂಪಾ ಮಾಡಿ, ಅದರ ಮುಂದ ಮಂದಿ ತಲಿ ಬಾಗೂ ಹಂಗ ನಾ ಹೆಂಗ ಮಾಡ್ಲಿ?"

ನಾನು ವಾದ ಮಾಡಿದೆ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಧರ್ಮಗಳ ತುಲನೆಯ ಒಂದು ಪೇಪರು ಓದಿದ್ದೆ. ಕ್ರೈಸ್ತರಿಗೆ ಯೇಸು ದೇವರ ಮಗ, ಮುಸ್ಲಿಮರಿಗೆ ಈಸಾ ಪ್ರವಾದಿ. ಆದರೂ ಇಬ್ಬರಿಗೂ ಪೂಜ್ಯ, ಮೂಲದಲ್ಲಿ ಎರಡೂ ಒಂದೇ ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದನ್ನೇ ಅಲ್ಲಿ ಒಪ್ಪಿಸಿದೆ. ಜೊತೆಗೆ, ಅಂಗೈಯಲ್ಲಿ ಲಿಂಗ ಹಿಡಿದು ಕೂರುವ ನಮ್ಮಜ್ಜಿ ಕಲ್ಲನ್ನು ನೋಡುವುದಿಲ್ಲ, ಅದರಾಚೆಯದನ್ನು ನೋಡುತ್ತಾಳೆ, ಗೊಂಬೆಯೂ ಹಾಗೇ, ಎಂದೆ. ಕೊನೆಗೆ, ಹೇಳಬಾರದ ಮಾತನ್ನೂ ಹೇಳಿದೆ: "ನೀವು ಮಾತು ಕೊಟ್ಟೀರಿ ಚಾಚಾ."

"ಅದ ನನಗ ಮುಳ್ಳಾಗೈತ್ರಿ. ಇಲ್ಲ ಅಂದರ ಮಾತಿಗೆ ತಪ್ಪಿದಂಗ. ಅವರು ಅವತ್ತ ಕೈ ಬಿಟ್ಟಿದ್ರ ನನ್ನ ಮನ್ಯಾಗ ಇಬ್ಬರು ಇರತಿದ್ದಿಲ್ಲ. ಹೂಂ ಅಂದರ ಅಲ್ಲಾನ ಮುಂದ ಯಾವ ಮುಖಾ ತಗೊಂಡ ನಿಂದರಲಿ? ಇಪ್ಪತ್ತೈದು ವರ್ಷದಾಗ ಒಂದ ಸಲ ಕೇಳ್ಯಾರ. ಒಂದ ಸಲ."

ಗೋದಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಅದಕ್ಕೆ ದುಡ್ಡೆಷ್ಟು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಹುಕ್ಕೇರಿಯ ಸಂತೆಯ ದಿನ ರಜೆ ಹಾಕಿ ಹೋದೆ. ಮಾವಶಿ ಸಂತೆಯಿಂದ ತಂದ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಗೋದಲಿ ಮುಂದಿಟ್ಟು, ಆದದ್ದನ್ನು ಆದಂತೆ ಹೇಳಿದೆ. ಅವರು ಚಾಚಾನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟು ಬಂದದ್ದು ನನ್ನ ಮೇಲೆ.

"ಏನಂದಿ ಅಂವಗ? ಬರೇ ಗೊಂಬಿ ಅಂದಿಯಾ?"

"ಅವರಿಗೆ ಹಗುರ ಆಗಲಿ ಅಂತ ಅಂದೆ ಮಾವಶಿ."

"ಹಗುರ! ಬರೇ ಗೊಂಬಿ ಆಗಿದ್ರ ನಾ ಬೆಳಗಾವಿಗೆ ಹೋಗಿ ತರತಿದ್ದೆ. ಅಂವಗೂ ಅದು ಬರೇ ಗೊಂಬಿ ಅಲ್ಲ, ಅದಕ್ಕ ಒಲ್ಲೆ ಅಂದಾನ. ನಡುವ ನೀ ಒಬ್ಬಾಕಿ ಶಾಣ್ಯಾಕಿ, ಇಬ್ಬರದೂ ಸುಳ್ಳ ಮಾಡಿದಿ."

ನಾನು ಅಜ್ಜಿಯ ಅಂಗೈ ಲಿಂಗದ ಮಾತನ್ನು ಇಲ್ಲಿಯೂ ತೆಗೆದೆ. ಮಾವಶಿ ಸೊಪ್ಪಿನ ದಂಟನ್ನು ನನ್ನತ್ತ ತೋರಿಸಿ ಹೇಳಿದರು: "ನಿಮ್ಮಜ್ಜಿ ಬಗ್ಗೆ ನಾ ಒಂದ ಮಾತು ಆಡೂದಿಲ್ಲ, ಭಾಳ ದೊಡ್ಡಾಕಿ ಆಕಿ. ಆದರ ಅದು ಇದಲ್ಲ ಮಗಳ. ದೇವರು ಖರೇನ ಕೂಸಾಗಿ ಹುಟ್ಟಿದಾ ಅಂತ ನಾ ನಂಬೀನಿ. ಗುರುತಲ್ಲ, ಹೋಲಿಕಿ ಅಲ್ಲ. ಮೈ, ಮಾಂಸಾ. ಅಂವಗ ಮುಖಾ ಇತ್ತು. ಮುಖಾ ಇದ್ದದ್ದಕ್ಕ ನಾ ಮುಖಾ ಮಾಡತೇನಿ."

ಆಮೇಲೆ ದಂಟನ್ನು ಕೆಳಗಿಟ್ಟು, "ಅಂವಾ ಇಲ್ಲ ಅನ್ನಾಕ ಎಷ್ಟ ಒದ್ದಾಡಿರಬೇಕು," ಎಂದರು. ಇನ್ನೊಬ್ಬ ಕೆತ್ತನೆಯವನನ್ನು ನೋಡಲೇ ಎಂದು ಕೇಳಿದೆ. ಬೇಡವೆಂದರು. ತಾವೇ ಗೋಕಾಕಕ್ಕೆ ಹೋಗುವುದಾಗಿ ಹೇಳಿದರು.

ಮುಂದೆ ನಡೆದದ್ದಕ್ಕೆ ಮೂರು ಹೇಳಿಕೆಗಳಿವೆ. ಮಾವಶಿ ಅಂಗಡಿಗೆ ಹೋಗಿ, "ನೀ ಮಾಡಬ್ಯಾಡ ತಮ್ಮಾ, ನನಗ ಕಲಿಸು, ನಾ ಮಾಡಕೋತೇನಿ" ಎಂದರು ಎಂದು ಚಾಚಾ ಹೇಳುತ್ತಾರೆ. ಇಲ್ಲ, ತಾನು ಅವನನ್ನು ಮಾತಿನಿಂದ ಬಿಡುಗಡೆ ಮಾಡಲು ಹೋಗಿದ್ದೆ, "ಉಳಿ ಹಿಡಿಯೂದು ಕಲಿಸ್ತೇನಿ, ಬರ್ರಿ" ಎಂದವನು ಅವನೇ ಎಂದು ಮಾವಶಿ ಹೇಳುತ್ತಾರೆ. ನನ್ನ ನೆನಪಿನಲ್ಲಿ ಆ ಉಪಾಯ ನನ್ನದು. ಅಂಗಡಿಯ ಹೊಸ್ತಿಲ ಮೇಲೆ ನಿಂತು ಹೇಳಿದಂತೆ, ಇಬ್ಬರೂ ನನ್ನತ್ತ ತಿರುಗಿದಂತೆ ಸ್ಪಷ್ಟ ಚಿತ್ರವಿದೆ. ಆದರೆ ಡೈರಿಯ ಪ್ರಕಾರ ಆ ದಿನ ನಾನು ಮೂಡಲಗಿಯಲ್ಲಿ ಪರೀಕ್ಷೆಯ ಕೋಣೆ ಕಾಯುತ್ತಿದ್ದೆ, ಸಂಜೆ ತಡವಾಗಿ ಬಂದೆ. ನನ್ನ ಚಿತ್ರವನ್ನು ಹರಿದು ಹಾಕುತ್ತೇನೆ. ಉಳಿದಿಬ್ಬರಲ್ಲಿ ಯಾರ ಮಾತು ಖರೇ ಎಂದು ತೀರ್ಮಾನಿಸುವ ಅಗತ್ಯ ನನಗೆ ಕಾಣುವುದಿಲ್ಲ. ಪುಣ್ಯವನ್ನು ಇನ್ನೊಬ್ಬರ ಹೆಸರಿಗೆ ಬರೆಯಲು ಇಬ್ಬರೂ ಹಟ ಹಿಡಿದಿದ್ದಾರೆ, ಅಷ್ಟು ಸಾಕು.

ಕರಾರು ಮಾತ್ರ ಇಬ್ಬರ ಬಾಯಲ್ಲೂ ಒಂದೇ. ಅಂಗಡಿಯಲ್ಲಿ ಮಾವಶಿ ಹಣ್ಣು ಕೆತ್ತಬೇಕು. ಕಟ್ಟಿಗೆಯ ಎಳೆ ನೋಡುವುದು, ಉಳಿ ಓಡಿಸುವುದು, ಅಂಟು ಕಾಯಿಸುವುದು ಎಲ್ಲವನ್ನೂ ಹಣ್ಣಿನ ಮೇಲೇ ಕಲಿಯಬೇಕು. ಕೂಸನ್ನು ಹುಕ್ಕೇರಿಯ ತಮ್ಮ ಮನೆಯಲ್ಲಿ, ತಮ್ಮ ಕೈಯಿಂದ ಮಾಡಿಕೊಳ್ಳಬೇಕು. ಆ ತುಂಡನ್ನು ಚಾಚಾ ಮುಟ್ಟುವುದಿಲ್ಲ. "ಉಳಿ ಹಿಡಿಯೂದು ನನ್ನ ವಿದ್ಯಾ, ಕೊಡತೇನಿ. ಅದರಿಂದ ನೀವು ಏನ ಮಾಡತೀರಿ ಅದು ನಿಮ್ಮ ಇಮಾನ, ನಿಮ್ಮ ನಂಬಿಕಿ." ಇದನ್ನು ಮೌಲ್ವಿಯವರ ಹತ್ತಿರ ಕೇಳಿದಿರಾ ಎಂದು ನಾನೊಮ್ಮೆ ವಿಚಾರಿಸಿದ್ದೆ. "ಕೇಳಿಲ್ರಿ. ಕೇಳಿದ್ರ ಒಬ್ಬರು ಆಗತೈತಿ ಅಂತಾರ, ಒಬ್ಬರು ಇಲ್ಲ ಅಂತಾರ. ಕಡೀಕ ಉತ್ತರಾ ಕೊಡಾಂವ ನಾನ."

ಹೀಗೆ ಅರವತ್ತೆಂಟರ ಮಾವಶಿ ವಾರಕ್ಕೆ ಎರಡು ಸಲ ಹುಕ್ಕೇರಿಯಿಂದ ಬಸ್ಸು ಹತ್ತಿ ಬಂದು, ಚಾಚಾನ ಅಂಗಡಿಯ ಒಳಗಿನ ಅಂಗಳದಲ್ಲಿ ಮಣೆಯ ಮೇಲೆ ಕೂತು ಕಟ್ಟಿಗೆ ಕೆತ್ತತೊಡಗಿದರು. ಕಾಲೇಜು ಮುಗಿಸಿ ನಾನೂ ಹೋಗಿ ಕೂರುತ್ತಿದ್ದೆ. ಮೊದಲ ಪ್ಯಾರಲ ಹಣ್ಣನ್ನು ನೋಡಿ ಚಾಚಾನ ಹೆಂಡತಿ, ಆ ಹೆರಿಗೆಯ ಬಾಣಂತಿ, ಬಾಯಿಗೆ ಸೆರಗು ಹಚ್ಚಿಕೊಂಡರು.

"ಬಾಯಾರ, ಇದು ಪ್ಯಾರಲ ಏನ್ರಿ, ಗಜ್ಜರಿ?"

"ಸುಮ್ಮ ಕುಂದರ ನೀ. ನಿನ್ನ ಹೆರಿಗ್ಯಾಗ ನೀ ಊರ ಕೇಳೂ ಹಂಗ ಒದರಾಕತ್ತಿದ್ದಿ, ನಾ ನಕ್ಕಿದ್ನೇನು?"

"ನಕ್ಕಿದ್ರಿ. 'ಒದರ, ಒದರ, ಗಂಡಗ ಕೇಳಲಿ' ಅಂದಿದ್ರಿ."

"ಬಾಯಾರ, ಎಳಿಗೆ ಎದುರ ಹೊಂಟೀರಿ," ಎಂದು ಚಾಚಾ ದೂರದಿಂದಲೇ ಕೂಗಿದರು. "ಕಟ್ಟಿಗಿ ಹೆಂಗ ಬೆಳದೈತಿ ಹಂಗ ಹೋಗ್ರಿ. ಜುಲುಮಿ ಮಾಡಿದ್ರ ಸೀಳತೈತಿ."

"ಇದನ್ನ ನನಗ ಹೇಳತೀಯೇನು? ಮೂವತ್ತ ವರ್ಷ ಬ್ಯಾರೇ ಏನ ಮಾಡೇನಿ ನಾ?"

ಮಾವಶಿಯ ಕೈ ಬೇಗ ಪಳಗಿತು. ನಾಲ್ಕನೆಯ ಹಣ್ಣನ್ನು ಚಾಚಾ ತಮ್ಮ ಹಲಗೆಯ ಮೇಲೆ ಮಾರಾಟಕ್ಕಿಟ್ಟರು. ಅದನ್ನು ನಾನೇ ಕೊಂಡೆ.

ಮಾತು ನಡೆದದ್ದು ಆ ಅಂಗಳದಲ್ಲಿ. ಇಲ್ಲಿ ಒಂದು ಎಚ್ಚರಿಕೆ ಕೊಡಬೇಕು: ಇದೆಲ್ಲ ಒಂದೇ ದಿನ ಆದ ಮಾತಲ್ಲ. ಡೈರಿಯಲ್ಲಿ ಅದು ಮೂರು ದಿನಗಳಲ್ಲಿ ಚೂರು ಚೂರಾಗಿದೆ, ನಡುವೆ ಗಿರಾಕಿಗಳು, ಚಹಾ, ಅಂಟಿನ ಪಾತ್ರೆ. ಮಾತುಗಳು ಅವರವು, ಜೋಡಿಸಿದವಳು ನಾನು.

ಮಾವಶಿಯೇ ಶುರು ಮಾಡಿದ್ದು. "ತಮ್ಮಾ, ಅಂವಾ ಅಪ್ಪ ಇಲ್ದ ಹುಟ್ಟಿದಾ ಅಂತ ನೀನೂ ಅಂತಿ. ಕುಷ್ಠರೋಗದವರನ್ನ ವಾಸಿ ಮಾಡಿದಾ, ಸತ್ತವರನ್ನ ಎಬ್ಬಿಸಿದಾ ಅಂತಿ. ಕಡೀ ಕಾಲಕ್ಕ ತಿರುಗಿ ಬರತಾನ ಅಂತಿ. ಇಷ್ಟ ದಾರಿ ನನ್ನ ಜೋಡಿ ನಡದ ಬಂದು ಕಡೀ ಹೆಜ್ಜಿ ಯಾಕ ಇಡೂದಿಲ್ಲ?"

"ಆ ಹೆಜ್ಜಿ ಇಟ್ಟರ ನಾ ಮುಸಲ್ಮಾನ ಉಳೀತೇನೇನ್ರಿ?" ಚಾಚಾ ನಕ್ಕರು. ನಗು ನಿಂತ ಮೇಲೆ ಹೇಳಿದರು: "ಆದಮರಿಗೆ ಅಪ್ಪನೂ ಇದ್ದಿಲ್ಲ, ಅವ್ವನೂ ಇದ್ದಿಲ್ಲ. ಅಪ್ಪ ಇಲ್ಲಂತ ದೇವರಾಗೂದಾದ್ರ ಅವರು ಇನ್ನೂ ದೊಡ್ಡ ದೇವರಾಗಬೇಕಿತ್ತು. ಅಲ್ಲಾ ಆಗು ಅಂದಾ, ಆದ್ರು. ಈಸಾ ಅಲೈಹಿಸ್ಸಲಾಮರನ್ನ ನಂಬದಿದ್ರ ನನ್ನ ಇಮಾನ ಅರ್ಧಾ. ಅವರನ್ನ ದೇವರು ಅಂದ್ರ ನನ್ನ ಇಮಾನ ಪೂರಾ ಹೋತು. ದೇವರಿಗೆ ಜೋಡಿ ಇಲ್ರಿ."

"ಜೋಡಿ ಅಂತ ನಾವೂ ಅನ್ನೂದಿಲ್ಲ. ದೇವರು ಒಬ್ಬನ. ಆ ಒಬ್ಬನ ಬಂದಾ ಅಂತೇವಿ."

"ಬಂದಾ ಅಂದ್ರ ಹೆಂಗ್ರಿ? ಅವರಿಗೆ ಹಸಿವಾಗತಿತ್ತು. ಊಟ ಮಾಡತಿದ್ರು. ಅವರ ತಾಯಿ ಬೀಬಿ ಮರಿಯಮರೂ ಊಟ ಮಾಡತಿದ್ರು. ನಮಗ ಅದ ದೊಡ್ಡ ಗುರುತು. ಉಣ್ಣಾವರು ಮನುಷ್ಯಾರು. ಹಸಿವು ದೇವರಿಗೆ ಎಲ್ಲೈತಿ?"

ಮಾವಶಿ ಉಳಿಯನ್ನು ಕೆಳಗಿಟ್ಟರು. "ನಾ ಅಂವನ್ನ ನಂಬಿದ್ದ ಅದಕ್ಕ. ನೀ ಯಾವುದನ್ನ ತೋರಿಸಿ ಅಲ್ಲ ಅಂತಿ, ಅದನ್ನ ತೋರಿಸಿ ನಾ ಹೌದು ಅಂತೇನಿ. ಹಸಿವು ಗೊತ್ತಿಲ್ಲದ ದೇವರು ಹೆರಿಗಿ ವಾರ್ಡಿನ್ಯಾಗ ನನಗ ಏನ ಉಪಯೋಗ? ಅಲ್ಲಿ ರಕ್ತಾ ಐತಿ, ಹೊಲಸ ಐತಿ, ಒದರಾಟಾ ಐತಿ. ಅಲ್ಲಿಗೆ, ಆ ಕಾಟಿನ ಮ್ಯಾಲ ಇಳದ ಬಂದ ದೇವರು ನನಗ ಬೇಕು."

"ದೇವರು ಅಲ್ಲೆ ಇದ್ದೇ ಇರತಾನ್ರಿ. ಇರಾಕ ಹುಟ್ಟಬೇಕಂತಿಲ್ಲ. ಅವತ್ತ ನಾ ಹೊರಗ ಕುಂತ ದುವಾ ಮಾಡಾಕತ್ತಿದ್ದೆ. ಒಳಗ ಅಂವಾ ಇದ್ದಾ. ನಿಮ್ಮ ಕೈಯಾಗ ಇದ್ದಾ."

ಮಾವಶಿ ಕೆಳಗಿಟ್ಟ ಉಳಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಆಮೇಲೆ, "ಮತ್ತ ಶಿಲುಬಿ?" ಎಂದರು.

"ಅಲ್ಲಾ ತನ್ನ ನಬಿನ್ನ ಕೊಲ್ಲಾಕ ಬಂದ ಮಂದಿ ಕೈಗೆ ಬಿಡಲಿಲ್ಲ. ಮ್ಯಾಲ ಎತ್ತಿಕೊಂಡಾ. ಅಂಥಾ ನಬಿನ್ನ ಅಂಥಾ ಸಾವಿಗೆ ಬಿಡತಾನೇನ್ರಿ ಅಂವಾ?"

"ನನ್ನ ದೇವರು ತನ್ನನ್ನ ತಾನ ಬಿಟ್ಟುಕೊಟ್ಟಾ," ಎಂದರು ಮಾವಶಿ.

"ಚಾ ಆರತೈತಿ," ಎಂದರು ಚಾಚಾನ ಹೆಂಡತಿ.

ಆ ಅಂಗಳದಲ್ಲಿ ಕೂತು ನನಗೆ ತಿಳಿದದ್ದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ. ಮೂಲದಲ್ಲಿ ಎರಡೂ ಒಂದೇ ಎಂದು ನಾನು ಪರೀಕ್ಷೆಯಲ್ಲಿ ಬರೆದದ್ದು ತಪ್ಪು. ಒಬ್ಬರಿಗೆ ದೇವರ ದೊಡ್ಡಸ್ತಿಕೆ ಎಂದರೆ ಹುಟ್ಟು ಸಾವು ಅವನನ್ನು ಮುಟ್ಟದೆ ಇರುವುದು. ಇನ್ನೊಬ್ಬರಿಗೆ ಅವನು ಅವೆರಡನ್ನೂ ತಾನಾಗಿ ಮೈಮೇಲೆ ತೆಗೆದುಕೊಂಡದ್ದು. ಇದು ಹೆಸರಿನ ವ್ಯತ್ಯಾಸವಲ್ಲ, ಒರೆಸಿ ಹಾಕಲು ಬರುವಂಥದ್ದೂ ಅಲ್ಲ. ನಾನು ಒರೆಸಲು ಹೋದಾಗೆಲ್ಲ ಇಬ್ಬರಿಗೂ ನೋವಾಯಿತು. ಅವರಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಇಲ್ಲ ಅಂದುಕೊಂಡಾಗ ನೋವಾಗಲಿಲ್ಲ. ನನ್ನ ಉತ್ತರಪತ್ರಿಕೆಯಲ್ಲಿ ಹಸಿವು ಎಂಬ ಶಬ್ದ ಒಂದು ಕಡೆಯೂ ಇರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಆ ನೆನಪನ್ನು ಪರೀಕ್ಷಿಸಲು ಪತ್ರಿಕೆ ನನ್ನ ಬಳಿ ಇಲ್ಲ, ಆದರೂ ಈ ಒಂದನ್ನು ನಂಬುತ್ತೇನೆ.

ಕೂಸಿಗೆ ಬೇಕಾದ ಕಟ್ಟಿಗೆಯನ್ನು ಮಾವಶಿ ಅಂಗಡಿಯ ರಾಶಿಯಿಂದ ತಾವೇ ಆರಿಸಿಕೊಂಡರು. ಚಾಚಾ ಆ ಹೊತ್ತಿಗೆ ಬೇರೆ ಏನೋ ಕೆಲಸ ಹಚ್ಚಿಕೊಂಡು ಬೆನ್ನು ತಿರುಗಿಸಿ ಕೂತಿದ್ದರು. ಒಂದೇ ಮಾತು ಹೇಳಿದರು: "ಒಣಗಿದ್ದು ತಗೋರ್ರಿ. ತಟ್ಟಿದ್ರ ಟಣ್ ಅನಬೇಕು." ಒಂದು ಉಳಿ, ಒಂದು ಕೊಡತಿಯನ್ನು ಹಬ್ಬದ ತನಕ ಎಂದು ಕೊಟ್ಟರು.

ಮುಂದಿನ ಎರಡು ಭಾನುವಾರ ಮಾವಶಿಯ ಮನೆಯ ಬಾಗಿಲು ನನಗೂ ತೆರೆಯಲಿಲ್ಲ. ಗೋಡೆಯ ಈ ಕಡೆ ಕೂತು ಕೊಡತಿಯ ಸಪ್ಪಳ ಕೇಳುತ್ತಿದ್ದೆವು. "ಮುದುಕಿ ಹುಚ್ಚ ಹಿಡೀತು," ಎನ್ನುತ್ತಿದ್ದರು ನಮ್ಮವ್ವ, ಬಿಸಿ ರೊಟ್ಟಿ ಕಟ್ಟಿ ಕಳಿಸುತ್ತಿದ್ದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕರೆದು ತೋರಿಸಿದರು. ನಾನು ಒಡೆದ ಪ್ಲಾಸ್ಟರಿನ ಕೂಸು ಬೆಳ್ಳಗೆ, ಗುಂಡಗೆ, ಆರು ತಿಂಗಳ ಮಗುವಿನಂತೆ ಕೈ ಚಾಚಿ ನಗುತ್ತಿತ್ತು. ಇದು ನಗುತ್ತಿರಲಿಲ್ಲ. ತಲೆ ಉದ್ದಗೆ, ಒಂದು ಕಡೆ ಸ್ವಲ್ಪ ಒತ್ತಿದಂತೆ. ಕಣ್ಣು ಊದಿ ಮುಚ್ಚಿದ್ದವು. ಮೂಗು ಚಪ್ಪಟೆ. ಮೊಣಕಾಲು ಹೊಟ್ಟೆಗೆ ಮಡಚಿಕೊಂಡು, ಮುಷ್ಟಿ ಬಿಗಿದು, ಬಣ್ಣ ಕೆಂಪು ಕಪ್ಪಗೆ. ನನಗೆ ಮೊದಲು ಭಯವಾಯಿತು.

"ಹಿಂಗ ಯಾಕ ಮಾಡೀರಿ ಮಾವಶಿ?"

"ಹುಟ್ಟಿದ ಕೂಸು ಹಿಂಗ ಇರತೈತಿ. ಎಷ್ಟ ಕೂಸು ಈ ಕೈಯಾಗ ಬಂದಾವು, ನನಗ ಗೊತ್ತಿಲ್ಲೇನು? ನಲವತ್ತ ವರ್ಷ ಆ ಬೆಳ್ಳಂದನ್ನ ಇಟ್ಟ ಪ್ರಾರ್ಥನಾ ಮಾಡೇನಿ. ಅದು ಹುಟ್ಟಿದ ಕೂಸ ಅಲ್ಲ ಅಂತ ಒಂದ ದಿನಾನೂ ಹೊಳೀಲಿಲ್ಲ ನನಗ."

ಹಬ್ಬದ ದಿನ ಚಾಚಾ ಹೆಂಡತಿಯ ಜೊತೆ ಬಂದರು. ಬರುತ್ತಾರೋ ಇಲ್ಲವೋ ಎಂದು ಮಾವಶಿ ಬೆಳಗಿನಿಂದ ನಾಲ್ಕು ಸಲ ಬೀದಿ ನೋಡಿದ್ದರು. ಕೋಳಿಯನ್ನು ಬಜಾರಿನ ಹಲಾಲ್ ಅಂಗಡಿಯಿಂದಲೇ ತಂದಿದ್ದರು, ನನಗೆ ಬೇರೆ ಒಲೆಯ ಮೇಲೆ ಪಲ್ಯ. ಗೋದಲಿಯ ಮುಂದೆ ಹಳೆಯ ಸೀರೆಯ ಪರದೆ ಇಳಿಬಿಟ್ಟಿದ್ದರು. ಚಾಚಾ ಒಳಗೆ ಬಂದು, ಚಪ್ಪಲಿ ಬಿಟ್ಟು, ಪರದೆಯನ್ನೇ ನೋಡಿದರು.

"ಇದ್ಯಾಕ್ರಿ ಬಾಯಾರ?"

"ನಿನಗ ಮುಜುಗರ ಆಗಬಾರದಂತ."

"ನಿಮ್ಮ ಮನ್ಯಾಗ ನಿಮ್ಮ ದೇವರಿಗೆ ನನ್ನ ಸಲುವಾಗಿ ಪಡದಿ ಹಾಕತೀರೇನು? ನಾ ತಲಿ ಬಾಗಿ ಸಜ್ದಾ ಮಾಡಾಂಗಿಲ್ಲ, ಅಷ್ಟ. ನೋಡಾಕ ಏನ. ತಗೀರಿ."

ಮಾವಶಿ ಪರದೆ ಸರಿಸಿದರು. ಚಾಚಾ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಕೈ ಹಿಂದೆ ಕಟ್ಟಿದ್ದು ನನ್ನ ನೆನಪೋ ಕಂಡದ್ದೋ ಎಂದು ಮಾವಶಿಯನ್ನು ಆಮೇಲೆ ಕೇಳಿದ್ದೇನೆ, ಅವರೂ ಕಂಡಿದ್ದಾರೆ. ಬಹಳ ಹೊತ್ತು ನೋಡಿ ಹೇಳಿದರು:

"ತಲಿ ದೊಡ್ಡದಾತು."

"ಹುಟ್ಟಿದ ಕೂಸಿನ ತಲಿ ದೊಡ್ಡದ ಇರತೈತಿ. ನಿನ್ನ ಮಗಳದ ಎಷ್ಟಿತ್ತ, ಕೇ‍ಳ ಹೇಣ್ತಿನ್ನ."

"ಎಷ್ಟಿತ್ತ ಅಂತ ನಾ ಇವರಿಗೆ ಇಪ್ಪತ್ತೈದ ವರ್ಷದಿಂದ ಹೇಳಾಕತ್ತೇನ್ರಿ," ಎಂದರು ಹೆಂಡತಿ.

"ಕುತ್ತಿಗಿ ಹಂತೇಕ ಸಣ್ಣ ಬಿರುಕು ಬಿಟ್ಟೈತಿ," ಎಂದರು ಚಾಚಾ. "ಅಂಟು ಮಂದ ಆಗಿತ್ತು. ತೆಳ್ಳಗ ಕಾಯಿಸಿ ಬೆರಳಲೆ ತುಂಬ್ರಿ." ಮಾವಶಿ ಅಡುಗೆಮನೆಯಿಂದ ಅಂಟಿನ ಡಬ್ಬಿ ತಂದು, ಒಲೆಯ ಮೇಲೆ ಕಾಯಿಸಿ, ಕೂಸನ್ನು ಎಡಗೈಯಲ್ಲಿ ತಲೆಗೆ ಆಸರೆ ಕೊಟ್ಟು ಎತ್ತಿಕೊಂಡು ಬಿರುಕನ್ನು ಬೆರಳಿನಿಂದ ತುಂಬಿದರು. ಚಾಚಾ "ಇನ್ನೊಂದೀಟು, ಹಾಂ, ಸಾಕು" ಎನ್ನುತ್ತ ನಿಂತಿದ್ದರು.

ಊಟದ ನಂತರ ನಮಾಜಿನ ಹೊತ್ತಾಯಿತು. ಮಾವಶಿ ಒಳಕೋಣೆಯ ಪಶ್ಚಿಮದ ಗೋಡೆಯಿಂದ ಯೇಸುವಿನ ಕ್ಯಾಲೆಂಡರನ್ನು ತೆಗೆದಿಟ್ಟರು, ಚಾಚಾ ಮುಗಿಸಿ ಬಂದ ಮೇಲೆ ಮತ್ತೆ ಮೊಳೆಗೆ ಹಾಕಿದರು.

ಹೊರಡುವಾಗ ಚಾಚಾ ಬಾಗಿಲಲ್ಲಿ ನಿಂತರು. ಏನೋ ಹೇಳಬೇಕೆಂದು ಬಂದಿದ್ದಾರೆ ಎಂದು ನನಗೆ ಊಟದ ಹೊತ್ತಿಗೇ ಅನ್ನಿಸಿತ್ತು.

"ಬಾಯಾರ, ನೀವು ಕೇಳಿದ್ದು ನಾ ಕೊಡಲಿಲ್ಲ. ನಿಮ್ಮದು ನೀವ ಮಾಡಕೊಂಡ್ರಿ. ಹಂಗಾರ ನನ್ನ ಮಾತು ಇನ್ನೂ ನಿಂತೈತಿ. ಬ್ಯಾರೇ ಏನರ ಕೇಳ್ರಿ."

"ಖರೇ ಕೇಳಲೇನು?"

"ಕೇಳ್ರಿ."

ಮಾವಶಿ ಗೋದಲಿಯತ್ತ ತಿರುಗಿ ನೋಡಿದರು. ಹೊಸ ಕೂಸಿನ ಸುತ್ತ ಪ್ಲಾಸ್ಟರಿನ ಬಿಳಿ ಮುಖದವರು ಯಾವುದೋ ಬೇರೆ ಊರಿನಿಂದ ಬಂದ ನೆಂಟರಂತೆ ಕಾಣುತ್ತಿದ್ದರು. "ಆ ಕುರುಬರನ್ನ ನೋಡು. ನಮ್ಮ ಕುರಿ ಕಾಯಾವರು ಒಬ್ಬರರ ಹಂಗ ಅದಾರೇನು? ಮುಂದಿನ ಹಬ್ಬದೊಳಗ ಅವರನ್ನೂ ನಾನ ಮಾಡಬೇಕಂತೇನಿ. ನಿನ್ನ ಆ ಉಳಿ ನನಗ ಕೊಟ್ಟಬಿಡು. ಕೈಗೆ ಹೊಂದೈತಿ."

ಚಾಚಾನ ಮುಖದ ಮೇಲೆ ಏನೇನೋ ಹಾದುಹೋಯಿತು. ಅದು ಅವರ ಉಸ್ತಾದರು ಕೊಟ್ಟ ಉಳಿ ಎಂದು ಹೆಂಡತಿ ನನ್ನ ಕಿವಿಯಲ್ಲಿ ಹೇಳಿದರು.

"ಅದೊಂದು ಬಿಟ್ಟ ಕೇಳ್ರಿ ಬಾಯಾರ," ಎಂದರು ಚಾಚಾ. "ಅದನ್ನ ಕೊಡಾಂಗಿಲ್ಲ. ಹೊಸಾದು ತರತೇನಿ, ಗುರುವಾರ ಬರ್ರಿ. ಆದರ ಇದು, ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ಬಂತು. ಮಾವಶಿ ಒಳಗೆ ಹೋಗಿ ಉಳಿಯನ್ನು ಸೆರಗಿನಿಂದ ಒರೆಸಿ ತಂದು ಅವರ ಕೈಗಿಟ್ಟರು. "ಈಗ ನೋಡು, ಇಲ್ಲ ಅನ್ನಾಕ ಎಷ್ಟ ಛಲೋ ಬರತೈತಿ ನಿನಗ," ಎಂದರು.